ನಂಬರ್ ಅದೇ, ಸಿಮ್ ಅದೇ, ಕೋಡ್ ಮಾತ್ರ ಇಲ್ಲ: ಅಥೆಂಟಿಕೇಟರ್ ಆಪ್ ಕುರಿತು ಪ್ರಶ್ನೋತ್ತರ

ಈ ವಾರ ಉತ್ತರಿಸುವವರು: ಹದಿನಾರು ವರ್ಷಗಳಿಂದ ಮಾಹಿತಿ ಭದ್ರತೆಯ ಕೆಲಸದಲ್ಲಿರುವ ಮೈಸೂರಿನ ಸದಸ್ಯರು.

ಪ್ರಶ್ನೆ (ನಿವೃತ್ತ ಉಪನ್ಯಾಸಕಿ, ಶಿವಮೊಗ್ಗ): ನಮಸ್ಕಾರ ಸರ್. ಕಳೆದ ತಿಂಗಳು ಮಳೆಯಲ್ಲಿ ನೆನೆದು ನನ್ನ ಫೋನ್ ಕೆಟ್ಟಿತು. ಹೊಸ ಫೋನ್ ಕೊಂಡು ಅದೇ ಸಿಮ್ ಹಾಕಿದೆ. ಬ್ಯಾಂಕು, ವಾಟ್ಸ್‌ಆಪ್ ಎಲ್ಲವೂ ಸರಿಹೋದವು. ಆದರೆ ಮಗ ಎಂದೋ ಹಾಕಿಕೊಟ್ಟಿದ್ದ ಗೂಗಲ್ ಅಥೆಂಟಿಕೇಟರ್ ತೆರೆದರೆ ಒಳಗೆ ಏನೂ ಇಲ್ಲ. ಷೇರು ಖಾತೆ, ನನ್ನ ಎರಡನೆಯ ಇಮೇಲ್, ಎರಡಕ್ಕೂ ಅದರ ಕೋಡ್ ಬೇಕು. ನಂಬರ್ ಬದಲಾಗಿಲ್ಲವಲ್ಲ, ಕೋಡ್ ಏಕೆ ಬರುತ್ತಿಲ್ಲ? ಇನ್ನು ಮುಂದೆ ಯಾವ ಆಪ್ ಇಟ್ಟುಕೊಳ್ಳಲಿ?

ಉತ್ತರ: ಮೇಡಂ, ತೊಡಕು ‘ಬರುತ್ತಿಲ್ಲ’ ಎಂಬ ಮಾತಿನಲ್ಲೇ ಇದೆ. ಬ್ಯಾಂಕಿನ ಓಟಿಪಿ ಎಸ್‌ಎಂಎಸ್ ಆಗಿ ಬರುತ್ತದೆ. ಅಥೆಂಟಿಕೇಟರ್‌ನ ಆರು ಅಂಕಿಗಳು ಎಲ್ಲಿಂದಲೂ ಬರುವುದಿಲ್ಲ, ನಿಮ್ಮ ಫೋನ್ ಅವನ್ನು ತಾನೇ ಲೆಕ್ಕ ಹಾಕುತ್ತದೆ. ಮೊದಲ ದಿನ ನಿಮ್ಮ ಮಗ ಒಂದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿರುತ್ತಾರೆ. ಅದರೊಳಗೆ ಒಂದು ರಹಸ್ಯ ಕೀಲಿ ಇತ್ತು. ಅದೇ ಕೀಲಿಯ ಇನ್ನೊಂದು ಪ್ರತಿ ಇಮೇಲ್ ಕಂಪನಿಯ ಸರ್ವರ್‌ನಲ್ಲಿದೆ. ಕೀಲಿ ಮತ್ತು ಗಡಿಯಾರದ ಹೊತ್ತು ಎರಡನ್ನೂ ಸೇರಿಸಿ ಮೂವತ್ತು ಸೆಕೆಂಡಿಗೊಮ್ಮೆ ಎರಡೂ ಕಡೆ ಲೆಕ್ಕ ನಡೆಯುತ್ತದೆ, ಉತ್ತರ ಹೊಂದಿದರೆ ಬಾಗಿಲು ತೆರೆಯುತ್ತದೆ. ಒಂದೇ ಸಿದ್ಧಾಂತ ಹಿಡಿದ ಇಬ್ಬರು ಪಂಚಾಂಗಕರ್ತರು, ಒಬ್ಬರು ನಿಮ್ಮೂರಲ್ಲಿ, ಇನ್ನೊಬ್ಬರು ಧಾರವಾಡದಲ್ಲಿ, ಪರಸ್ಪರ ಕೇಳಿಕೊಳ್ಳದೆಯೇ ನಾಳಿನ ತಿಥಿ ಇದೇ ಎಂದು ಹೇಳುತ್ತಾರಲ್ಲ, ಹಾಗೆ. ಈ ಲೆಕ್ಕದ ವಿಧಾನ 2011ರಲ್ಲಿ ಆರ್‌ಎಫ್‌ಸಿ 6238 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಬಹಿರಂಗವಾಗಿ ಪ್ರಕಟವಾಗಿದೆ. ಸಿಮ್ ಬೇಡ, ಇಂಟರ್ನೆಟ್ ಬೇಡ, ಏರೋಪ್ಲೇನ್ ಮೋಡ್‌ನಲ್ಲಿಯೂ ನಡೆಯುತ್ತದೆ.

ಹಾಗಾಗಿಯೇ ಹೊಸ ಫೋನ್‌ಗೆ ಅದೇ ಸಿಮ್ ಹಾಕಿದರೂ ಏನೂ ಪ್ರಯೋಜನವಾಗಲಿಲ್ಲ. ಕೀಲಿ ಇದ್ದದ್ದು ನೆನೆದ ಫೋನ್‌ನಲ್ಲಿ, ಅಲ್ಲೇ ಮುಳುಗಿತು. ಗೂಗಲ್ ಅಥೆಂಟಿಕೇಟರ್‌ನಲ್ಲಿ ಕೀಲಿಗಳನ್ನು ಗೂಗಲ್ ಖಾತೆಗೆ ಸಿಂಕ್ ಮಾಡುವ ಸೌಲಭ್ಯ ಬಂದದ್ದೇ 2023ರ ಏಪ್ರಿಲ್‌ನಲ್ಲಿ. ಆಪ್‌ನೊಳಗೆ ಖಾತೆಗೆ ಲಾಗಿನ್ ಆಗದೆ ಬಳಸುತ್ತಿದ್ದರೆ ಇಂದಿಗೂ ಪ್ರತಿ ಎಲ್ಲಿಗೂ ಹೋಗುವುದಿಲ್ಲ.

ಈಗ ಮಾಡಬೇಕಾದದ್ದು. ಮನೆಯ ಲ್ಯಾಪ್‌ಟಾಪ್‌ನಲ್ಲಿ ಆ ಇಮೇಲ್ ಇನ್ನೂ ತೆರೆದೇ ಇದೆಯೇ ನೋಡಿ. ಇದ್ದರೆ ದಯವಿಟ್ಟು ಲಾಗ್ ಔಟ್ ಮಾಡಬೇಡಿ. ಅಲ್ಲಿಂದಲೇ ಭದ್ರತೆಯ ಸೆಟ್ಟಿಂಗ್‌ಗೆ ಹೋಗಿ ಹಳೆಯ ಅಥೆಂಟಿಕೇಟರ್ ತೆಗೆದು ಹೊಸದನ್ನು ಸೇರಿಸಲು ಪ್ರಯತ್ನಿಸಿ. ಷೇರು ದಲ್ಲಾಳಿ ಸಂಸ್ಥೆಗಳು ಸಾಮಾನ್ಯವಾಗಿ ನೋಂದಾಯಿತ ಮೊಬೈಲ್, ಇಮೇಲ್, ಪ್ಯಾನ್ ಪರಿಶೀಲಿಸಿ ಮರುಹೊಂದಿಸಿಕೊಡುತ್ತವೆ. ಸಹಾಯವಾಣಿಯ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅವರ ಆಪ್‌ನೊಳಗೆ ಇರುವುದನ್ನೇ ಬಳಸಿ. ಈ ಪ್ರಶ್ನೆ ಓದಿ ‘ನಾನು ಸರಿಮಾಡಿಕೊಡುತ್ತೇನೆ’ ಎಂದು ಖಾಸಗಿ ಸಂದೇಶ ಕಳುಹಿಸುವವರಿಗೆ ಉತ್ತರಿಸಲೇಬೇಡಿ, ನನ್ನ ಹೆಸರಿನಲ್ಲಿ ಬಂದರೂ ಸರಿಯೆ.

ಪ್ರಶ್ನೆ (ಅವರೇ): ಲ್ಯಾಪ್‌ಟಾಪ್‌ನಲ್ಲಿ ತೆರೆದೇ ಇತ್ತು, ಬಚಾವಾದೆ. ಈಗ ಆಪ್ ಹೇಳಿ.

ಉತ್ತರ: ಬಾಡಿಗೆ ಮನೆ ನೋಡಲು ಹೋದಾಗ ನಾವು ಕೇಳುವುದು ಗಾಳಿ ಬೆಳಕು ಮಾತ್ರವಲ್ಲ, ಬಿಟ್ಟುಹೋಗುವಾಗ ಮುಂಗಡ ವಾಪಸ್ ಬರುತ್ತದೆಯೇ ಎಂದೂ ಕೇಳುತ್ತೇವೆ. ಆಪ್‌ಗೂ ಅದೇ ಪ್ರಶ್ನೆ: ನಾಳೆ ಇದು ಬೇಡವೆನಿಸಿದರೆ ನನ್ನ ಕೀಲಿಗಳನ್ನು ಹೊತ್ತುಕೊಂಡು ಹೊರಬರಬಹುದೇ? ಐಫೋನ್‌ನಲ್ಲಿ ರೈವೋ ಎಂಬ ಆಪ್ ಇತ್ತು, ತಿಳಿದವರೇ ಶಿಫಾರಸು ಮಾಡುತ್ತಿದ್ದದ್ದು. 2023ರಲ್ಲಿ ಬೇರೆ ಕಂಪನಿಯ ಕೈಸೇರಿತು. 2024ರ ಜೂನ್‌ನಲ್ಲಿ ಒಂದು ಅಪ್‌ಡೇಟ್ ಬಂದು ಬಹಳ ಜನರ ಕೀಲಿಗಳು ಅಳಿಸಿಹೋದವು. ಮೊದಲೇ ಪ್ರತಿ ತೆಗೆದಿಟ್ಟವರು ಬೈದುಕೊಂಡು ಬೇರೆ ಆಪ್‌ಗೆ ಹೋದರು, ಉಳಿದವರು ನಿಮ್ಮ ಸ್ಥಿತಿಗೆ ಬಂದರು.

ಈ ಒರೆಗಲ್ಲಿಗೆ ಹಚ್ಚಿದರೆ ಆಥಿ ಎಂಬ ಆಪ್ ನನಗೆ ಹಿಡಿಸುವುದಿಲ್ಲ. ಬ್ಯಾಕಪ್ ಇದೆ, ಆದರೆ ಕೀಲಿಗಳನ್ನು ಹೊರಗೆ ತೆಗೆಯುವ ದಾರಿಯನ್ನೇ ಅದು ಕೊಡುವುದಿಲ್ಲ. ಅದರ ಕಂಪ್ಯೂಟರ್ ಆವೃತ್ತಿಯೂ 2024ರ ಮಾರ್ಚ್‌ನಲ್ಲಿ ನಿಂತಿತು. ಮೈಕ್ರೋಸಾಫ್ಟ್‌ನ ಆಪ್‌ನಲ್ಲಿ ಆಂಡ್ರಾಯ್ಡ್‌ನಲ್ಲಿ ತೆಗೆದ ಬ್ಯಾಕಪ್ ಐಫೋನ್‌ನಲ್ಲಿ ತೆರೆಯದು, ಕಚೇರಿಯವರು ಹೇಳಿದ್ದಾರೆಂದರೆ ಕಚೇರಿಯ ಖಾತೆಗೆ ಇಟ್ಟುಕೊಳ್ಳಿ. ಮನೆಯವರೆಲ್ಲ ಐಫೋನ್ ಬಳಸುವವರಾದರೆ ಐಓಎಸ್ 18ರಿಂದ ಬಂದಿರುವ ಪಾಸ್‌ವರ್ಡ್ಸ್ ಆಪ್‌ನಲ್ಲೇ ಈ ಕೋಡ್‌ಗಳು ಸಿಗುತ್ತವೆ, ಹೊಸದನ್ನು ಹುಡುಕಬೇಕಿಲ್ಲ.

ನಿಮ್ಮದು ಆಂಡ್ರಾಯ್ಡ್. ನಾನಾದರೆ ಏಜಿಸ್ ಅಥವಾ ಎಂಟೆ ಆಥ್ ಎನ್ನುತ್ತೇನೆ. ಎರಡೂ ಉಚಿತ, ಎರಡರ ಮೂಲಸಂಕೇತವೂ (ಆಪ್‌ನ ಒಳಗಿನ ಪ್ರೋಗ್ರಾಂ) ಬಹಿರಂಗ, ಯಾರು ಬೇಕಾದರೂ ನೋಡಬಹುದು. ಏಜಿಸ್ ಬರೀ ಆಂಡ್ರಾಯ್ಡ್‌ಗೆ. ಪಾಸ್‌ವರ್ಡ್ ಹಾಕಿದ ಒಂದು ಕಡತವಾಗಿ ಎಲ್ಲ ಕೀಲಿಗಳನ್ನೂ ಹೊರಗೆ ಕೊಡುತ್ತದೆ, ಅದನ್ನು ಪೆನ್‌ಡ್ರೈವ್‌ಗೆ ಹಾಕಿಡುವ ಶಿಸ್ತು ನಿಮ್ಮದಾಗಿರಬೇಕು. ಎಂಟೆ (ಮಲಯಾಳದಲ್ಲಿ ‘ನನ್ನ’ ಎಂದರ್ಥ, ನಮ್ಮ ಕಣ್ಣಿಗೆ ಅಂಕಿಯಂತೆ ಕಂಡರೂ) ಫೋನ್‌ನಲ್ಲೂ ಕಂಪ್ಯೂಟರ್‌ನಲ್ಲೂ ನಡೆಯುತ್ತದೆ. ಕೀಲಿಗಳ ಪ್ರತಿಯನ್ನು ತಾನೇ ಕಂಪನಿಯ ಸರ್ವರ್‌ಗೆ ಕಳುಹಿಸುತ್ತದೆ, ನಿಮ್ಮ ಪಾಸ್‌ವರ್ಡ್ ಇಲ್ಲದೆ ಕಂಪನಿಯವರೂ ಅದನ್ನು ಓದಲಾರರು. ಆ ಪಾಸ್‌ವರ್ಡ್ ಮರೆತರೆ ಅವರು ಕೊಟ್ಟ ಇಪ್ಪತ್ತನಾಲ್ಕು ಪದಗಳ ಮರುಪಡೆಯುವ ಕೀಲಿಯೇ ಗತಿ. ಅದೂ ಇಲ್ಲದಿದ್ದರೆ ಯಾರೂ ಏನೂ ಮಾಡಲಾರರು.

ಗೂಗಲ್‌ನದನ್ನೇ ಮುಂದುವರಿಸಿದರೆ ತಪ್ಪೇನಿಲ್ಲ, ಸಿಂಕ್ ಹಾಕಿಕೊಳ್ಳಿ. ಆಗ ನಿಮ್ಮ ಗೂಗಲ್ ಖಾತೆಯೇ ಮನೆಯ ಹೆಬ್ಬಾಗಿಲಾಗುತ್ತದೆ ಎಂಬುದು ನೆನಪಿರಲಿ.

ಆಪ್ ಸ್ಟೋರ್‌ನಲ್ಲಿ ಬರೀ ‘ಅಥೆಂಟಿಕೇಟರ್’ ಎಂದು ಹುಡುಕಿದರೆ ಮೇಲೆ ಬರುವುದು ಜಾಹೀರಾತು. ಹೋಲುವ ಚಿತ್ರ, ಹೋಲುವ ಹೆಸರು, ಒಳಗೆ ಹೋದರೆ ವಾರಕ್ಕಿಷ್ಟು ಎಂದು ಚಂದಾ. ತಯಾರಕರ ಹೆಸರು ನೋಡದೆ ಹಾಕಿಕೊಳ್ಳಬೇಡಿ.

ಪ್ರಶ್ನೆ (ಕುಂದಾಪುರದ ಸದಸ್ಯರು, ಈಗ ಡಬ್ಲಿನ್‌ನಲ್ಲಿ): ಸರ್, ನಾನು ಎಲ್ಲವನ್ನೂ ಮಾಡಿದ್ದೇನೆ. ಕೋಡ್‌ಗಳು ಕ್ಲೌಡ್‌ನಲ್ಲಿವೆ, ಅದರ ಪಾಸ್‌ವರ್ಡ್, ನನ್ನ ಎಲ್ಲ ಪಾಸ್‌ವರ್ಡ್‌ಗಳನ್ನೂ ಇಟ್ಟಿರುವ ಪಾಸ್‌ವರ್ಡ್ ಮ್ಯಾನೇಜರ್ ಆಪ್‌ನಲ್ಲಿದೆ. ಫೋನ್ ಕಳೆದರೂ ಚಿಂತೆಯಿಲ್ಲ ತಾನೆ?

ಉತ್ತರ: ಪಾಸ್‌ವರ್ಡ್ ಮ್ಯಾನೇಜರ್ ತೆರೆಯಲು ಏನು ಬೇಕು?

ಪ್ರಶ್ನೆ (ಡಬ್ಲಿನ್): ಅಥೆಂಟಿಕೇಟರ್ ಕೋಡ್. ಅಯ್ಯೋ.

ಉತ್ತರ: ಬೀಗದ ಕೈಯನ್ನು ಒಳಗಿಟ್ಟು ಬಾಗಿಲೆಳೆದುಕೊಂಡಿದ್ದೀರಿ. ನನ್ನ ಬಳಿ ಬರುವ ಹತ್ತರಲ್ಲಿ ಆರು ಪ್ರಸಂಗಗಳು ಇಂಥವೇ, ಬರುವವರೂ ಹೆಚ್ಚಾಗಿ ನಿಮ್ಮಂತೆ ‘ಎಲ್ಲವನ್ನೂ ಮಾಡಿದವರು’. ಸುತ್ತು ಬೇರೆ ಬೇರೆ ರೂಪದಲ್ಲಿ ಇರುತ್ತದೆ. ಹೊಸ ಫೋನ್‌ನಲ್ಲಿ ಆಪ್ ತೆರೆದರೆ ಇಮೇಲ್‌ಗೆ ಬಂದ ಸಂಖ್ಯೆ ಹಾಕಿ ಎನ್ನುತ್ತದೆ, ಇಮೇಲ್ ತೆರೆಯಲು ಹೋದರೆ ಆಪ್‌ನ ಸಂಖ್ಯೆ ಹಾಕಿ ಎನ್ನುತ್ತದೆ. ಅಥವಾ ಬ್ಯಾಕಪ್ ಕಡತ ಡ್ರೈವ್‌ನಲ್ಲಿರುತ್ತದೆ, ಡ್ರೈವ್ ಅದೇ ಗೂಗಲ್ ಖಾತೆಯದ್ದಾಗಿರುತ್ತದೆ. ನಾನೇ ಒಮ್ಮೆ ಬ್ಯಾಕಪ್ ಕೋಡ್‌ಗಳನ್ನು (ಆಪ್ ಕೈಕೊಟ್ಟಾಗ ಅದರ ಕೋಡ್ ಬದಲು ಬಳಸುವಂಥವು) ಅಚ್ಚುಕಟ್ಟಾಗಿ ಟೈಪ್ ಮಾಡಿ ಅದೇ ಇಮೇಲ್‌ನ ಡ್ರಾಫ್ಟ್‌ನಲ್ಲಿ ಇಟ್ಟಿದ್ದೆ. ಈ ಕೆಲಸಕ್ಕೆ ಸಂಬಳ ಪಡೆಯುತ್ತಿದ್ದಾಗಲೇ.

ಸುತ್ತನ್ನು ಕತ್ತರಿಸಲು ಒಂದು ವಸ್ತುವಾದರೂ ಯಾವ ಪರದೆಯ ಹಿಂದೆಯೂ ಇರಬಾರದು. ಅದು ಕಾಗದ. ಗೂಗಲ್ ಖಾತೆಯ ಬ್ಯಾಕಪ್ ಕೋಡ್‌ಗಳನ್ನು ತೆಗೆಯಿರಿ: ಹತ್ತು ಸಿಗುತ್ತವೆ, ಪ್ರತಿಯೊಂದೂ ಎಂಟು ಅಂಕಿ, ಒಂದು ಒಮ್ಮೆ ಮಾತ್ರ ನಡೆಯುತ್ತದೆ. ಹೊಸ ಹತ್ತನ್ನು ತೆಗೆದ ಕ್ಷಣ ಹಳೆಯ ಹತ್ತೂ ರದ್ದಾಗುತ್ತವೆ, ಆದ್ದರಿಂದ ಹಾಳೆಯ ಮೇಲೆ ದಿನಾಂಕ ಬರೆಯಿರಿ. ಪಾಸ್‌ವರ್ಡ್ ಮ್ಯಾನೇಜರ್‌ನ ಮುಖ್ಯ ಪಾಸ್‌ವರ್ಡ್ ಮತ್ತು ಅದರ ಮರುಪಡೆಯುವ ಕೋಡ್ ಕೂಡ ಕಾಗದಕ್ಕೆ ಬರಲಿ. ಒಂದು ಪ್ರತಿ ಡಬ್ಲಿನ್‌ನಲ್ಲಿ, ಇನ್ನೊಂದು ಕುಂದಾಪುರದಲ್ಲಿ ಮನೆಪತ್ರಗಳ ಜೊತೆ.

ಇನ್ನೊಂದು ವಿಷಯ, ನಿಮ್ಮ ಭಾರತದ ನಂಬರ್ ಇನ್ನೂ ರೀಚಾರ್ಜ್ ಆಗುತ್ತಿದೆಯೇ? ಇಲ್ಲಿ ಸ್ಥಗಿತಗೊಂಡ ನಂಬರನ್ನು 90 ದಿನಗಳ ನಂತರ ಬೇರೆಯವರಿಗೆ ಕೊಡಬಹುದು. ಖಾತೆ ಮರುಪಡೆಯಲು ಆ ನಂಬರನ್ನೇ ಕೊಟ್ಟಿದ್ದರೆ ನಿಮ್ಮ ಎಸ್‌ಎಂಎಸ್ ಮುಂದೆ ಯಾರಿಗೆ ಹೋಗುತ್ತದೆ ಎಂದು ಯೋಚಿಸಿ.

ಪ್ರಶ್ನೆ (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು): ನನಗೆ ಒಪ್ಪಿಗೆಯಿಲ್ಲ ಸರ್. ಕಾಗದ ಕದಿಯಬಹುದು, ಗೆದ್ದಲು ತಿನ್ನಬಹುದು. ನಾನು ಕೋಡ್‌ಗಳನ್ನೂ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲೇ ಇಟ್ಟಿದ್ದೇನೆ. ಐದು ವರ್ಷದಿಂದ ಏನೂ ಆಗಿಲ್ಲ.

ಉತ್ತರ: ಗೆದ್ದಲಿನ ಮಾತು ಮಲೆನಾಡಿನವರು ಒಪ್ಪುತ್ತಾರೆ, ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ. ಕಳ್ಳನ ಮಾತು ಒಪ್ಪಲಾರೆ. ಮನೆಗೆ ನುಗ್ಗುವವನು ಬೀರುವಿನ ಒಡವೆ ಹುಡುಕುತ್ತಾನೆ. ನಿಮ್ಮ ಇಮೇಲ್‌ಗೆ ಕಣ್ಣು ಹಾಕುವವನು ಬೇರೊಂದು ಊರಿನಲ್ಲಿ ಕುಳಿತಿರುತ್ತಾನೆ, ನಿಮ್ಮ ಬೀರು ಅವನ ಕೈಗೆಟುಕದು. ಎರಡನ್ನೂ ಒಂದೇ ಕಡೆ ಇಡುವುದು ಎರಡು ಬೀಗಕ್ಕೆ ಒಂದೇ ಕೀಲಿ ಮಾಡಿಸಿದಂತೆ. ಆದರೂ ನೀವು ಹೇಳುವುದರಲ್ಲಿ ಅರ್ಧ ನಿಜವಿದೆ. ಎಸ್‌ಎಂಎಸ್ ನೆಚ್ಚಿಕೊಳ್ಳುವುದಕ್ಕಿಂತ, ಏನೂ ಇಲ್ಲದಿರುವುದಕ್ಕಿಂತ ಅದು ಎಷ್ಟೋ ಮೇಲು. ಸಣ್ಣಪುಟ್ಟ ಖಾತೆಗಳಿಗೆ ಹಾಗೇ ಇರಲಿ. ಮುಖ್ಯ ಇಮೇಲ್ ಮತ್ತು ಹಣದ ಖಾತೆಗಳನ್ನು ಮಾತ್ರ ಬೇರೆ ಆಪ್‌ನಲ್ಲಿಡಿ.

ಪ್ರಶ್ನೆ (ಲೆಕ್ಕಪರಿಶೋಧಕರ ಕಚೇರಿ, ಹುಬ್ಬಳ್ಳಿ): ನಾನು ಕ್ಯೂಆರ್ ಕೋಡ್‌ನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆಪ್‌ನಲ್ಲಿ ನನಗೇ ಕಳುಹಿಸಿಕೊಂಡಿದ್ದೇನೆ. ಸಾಕೆ?

ಉತ್ತರ: ಅದು ಕೀಲಿಯ ಭಾವಚಿತ್ರವಲ್ಲ, ಕೀಲಿಯೇ. ಗ್ಯಾಲರಿಯಿಂದ ಫೋಟೋ ಬ್ಯಾಕಪ್‌ಗೆ, ವಾಟ್ಸ್‌ಆಪ್‌ನಿಂದ ಕಚೇರಿಯ ಕಂಪ್ಯೂಟರ್‌ನಲ್ಲಿ ತೆರೆದಿಟ್ಟ ವಾಟ್ಸ್‌ಆಪ್ ವೆಬ್‌ಗೆ ಅದು ಹೋಗಿರುತ್ತದೆ. ಅಳಿಸಿದರೆ ಸಾಲದು, ಆ ಖಾತೆಯಲ್ಲಿ ಅಥೆಂಟಿಕೇಟರ್ ತೆಗೆದು ಮತ್ತೆ ಸೇರಿಸಿ, ಹೊಸ ಕೀಲಿ ಹುಟ್ಟುತ್ತದೆ. ಸೇರಿಸುವಾಗ ಅದೇ ಕ್ಯೂಆರ್ ಕೋಡನ್ನು ಮನೆಯಲ್ಲಿರುವ ಇನ್ನೊಂದು ಫೋನ್ ಅಥವಾ ಟ್ಯಾಬ್ಲೆಟ್‌ನಿಂದಲೂ ಸ್ಕ್ಯಾನ್ ಮಾಡಿ. ಎರಡೂ ಒಂದೇ ಅಂಕಿ ತೋರಿಸುತ್ತವೆ, ಜಗಳವಿಲ್ಲ. ನನಗೆ ಗೊತ್ತಿರುವ ಅತಿ ಸುಲಭದ ಬ್ಯಾಕಪ್ ಇದೇ. ಎರಡರಲ್ಲೂ ದಿನಾಂಕ, ಸಮಯ ‘ತಾನಾಗಿಯೇ’ ಎಂದಿರಲಿ, ಗಡಿಯಾರ ಕೆಲವು ನಿಮಿಷ ತಪ್ಪಿದರೂ ಕೋಡ್ ಹೊಂದುವುದಿಲ್ಲ.

ಕರೆ ಮಾಡಿ ಆ ಆರು ಅಂಕಿ ಹೇಳಿ ಎನ್ನುವವನಿಗೆ ಅಥವಾ ನಕಲಿ ಲಾಗಿನ್ ಪುಟಕ್ಕೆ ನೀವೇ ಕೋಡ್ ಕೊಟ್ಟರೆ ಯಾವ ಆಪ್ ಕೂಡ ಕಾಪಾಡದು. ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನ್‌ನ ಬೆರಳಚ್ಚು ಅಥವಾ ಲಾಕ್‌ನಿಂದಲೇ ಲಾಗಿನ್ ಆಗುವುದು) ಸೌಲಭ್ಯ ಇರುವ ಕಡೆ ಅದನ್ನು ಹಾಕಿಕೊಳ್ಳಿ, ಅದು ನಕಲಿ ಪುಟದಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ (ಶಿವಮೊಗ್ಗದ ಉಪನ್ಯಾಸಕಿ): ಏಜಿಸ್ ಹಾಕಿಕೊಂಡೆ ಸರ್, ಪೆನ್‌ಡ್ರೈವ್‌ಗೂ ಹಾಕಿದೆ. ಇನ್ನು ಮುಗಿಯಿತೆ?

ಉತ್ತರ: ಒಮ್ಮೆ ತಾಲೀಮು ಮಾಡಿ. ಭಾನುವಾರ ಫೋನನ್ನು ಅಡುಗೆಮನೆಯ ಡಬ್ಬಿಯೊಂದರಲ್ಲಿ ಮುಚ್ಚಿಟ್ಟು, ಕಳೆದೇಹೋಯಿತು ಎಂದುಕೊಂಡು, ಮಗನ ಹಳೆಯ ಫೋನ್‌ನಲ್ಲಿ ಪೆನ್‌ಡ್ರೈವ್ ಮತ್ತು ಕಾಗದದಿಂದಲೇ ಒಳಗೆ ಹೋಗಲು ಸಾಧ್ಯವೇ ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತೀರೋ ಅದನ್ನು ಇಲ್ಲಿ ಬರೆಯಿರಿ.

ಪ್ರಶ್ನೆ (ಅವರೇ, ಭಾನುವಾರ ಸಂಜೆ): ಸಿಕ್ಕಿಕೊಂಡೆ. ಪೆನ್‌ಡ್ರೈವ್‌ನ ಕಡತ ತೆರೆಯಿತು. ಷೇರು ಖಾತೆಯ ಕೋಡ್ ಸರಿಯಾಗಿದೆ. ಇಮೇಲ್‌ನ ಕೀಲಿಯನ್ನು ಮಾತ್ರ ಕ್ಯೂಆರ್ ಕೆಳಗೆ ಅಕ್ಷರಗಳಲ್ಲಿ ತೋರಿಸಿದ್ದರಿಂದ ನೋಟ್‌ಪುಸ್ತಕದಲ್ಲಿ ಕೈಯಾರೆ ಬರೆದುಕೊಂಡಿದ್ದೆ. ಅದನ್ನು ಟೈಪ್ ಮಾಡಿದರೆ ತಪ್ಪು ಎನ್ನುತ್ತಿದೆ. ಮೂವತ್ತು ವರ್ಷ ಮಕ್ಕಳ ಕೈಬರಹ ತಿದ್ದಿದವಳಿಗೆ ತನ್ನದೇ ಸೊನ್ನೆ ಯಾವುದು, ಓ ಯಾವುದು ತಿಳಿಯುತ್ತಿಲ್ಲ.

ಉತ್ತರ: ಮೇಡಂ, ಆ ಕೀಲಿಯಲ್ಲಿ ಇಂಗ್ಲಿಷ್‌ನ ಇಪ್ಪತ್ತಾರು ಅಕ್ಷರಗಳು ಮತ್ತು 2ರಿಂದ 7ರವರೆಗಿನ ಅಂಕಿಗಳು ಮಾತ್ರ ಇರುತ್ತವೆ. ಸೊನ್ನೆ, ಒಂದು, ಎಂಟು, ಒಂಬತ್ತು ಇರುವುದೇ ಇಲ್ಲ. ಸೊನ್ನೆಯಂತೆ ಕಾಣುವುದೆಲ್ಲ ಓ ಅಕ್ಷರವೇ. ಎಂಟರಂತೆ ಕಂಡದ್ದು ಬಿ ಇರಬಹುದು.

ಪ್ರಶ್ನೆ (ಅವರೇ): ಎರಡು ಓ, ಒಂದು ಬಿ. ಹಾಕಿದೆ, ಕೋಡ್ ಹೊಂದಿತು. ಫೋನನ್ನು ಈಗ ರವೆ ಡಬ್ಬಿಯಿಂದ ತೆಗೆಯುತ್ತೇನೆ, ಆಗಿನಿಂದ ಅಲ್ಲಿಯೇ ರಿಂಗ್ ಆಗುತ್ತಿದೆ.