ಲಕ್ಷಣವೇ ಇಲ್ಲದ ನರ್ಸನ್ನು ಕೂಡಿಹಾಕಬಹುದೆ?

ಪ್ರಶ್ನೆ | ಕಾನೂನು_ಓದು
ಎಬೋಲಾ ವಾರ್ಡಿನಲ್ಲಿ ಕೆಲಸ ಮುಗಿಸಿ ಬಂದ ವೈದ್ಯರು, ನರ್ಸುಗಳಿಗೆ ಜ್ವರವೇನೂ ಇಲ್ಲದಿದ್ದರೂ 21 ದಿನ ಕ್ವಾರಂಟೈನ್ ಕಡ್ಡಾಯ ಮಾಡುವುದು ಸರಿಯೆ? 2014ರಲ್ಲಿ ಅಮೆರಿಕದ ನರ್ಸ್ ಕೇಸಿ ಹಿಕಾಕ್ಸ್ ಪ್ರಕರಣ ಕೋರ್ಟಿಗೆ ಹೋಗಿತ್ತಲ್ಲ, ಕೊನೆಗೆ ಏನಾಯಿತು? ಇಂಥ ಆದೇಶ ಕೈಗೆ ಬಂದರೆ ಅದರಲ್ಲಿ ಏನೇನು ನೋಡಬೇಕು?

ಸೋಂಕು_ಲೆಕ್ಕ
ಎಬೋಲಾ ತಗುಲಿದವರಲ್ಲಿ ಲಕ್ಷಣ ಕಾಣಿಸಲು 2ರಿಂದ 21 ದಿನ ಹಿಡಿಯುತ್ತದೆ. ಲಕ್ಷಣ ಶುರುವಾಗುವ ತನಕ ಅವರಿಂದ ಬೇರೆಯವರಿಗೆ ಹರಡುವುದಿಲ್ಲ. ಹಾಗಾಗಿ 21 ದಿನ ನಿಗಾ ಬೇಕೇ ಬೇಕು, ಬೀಗ ಯಾಕೆ ಅನ್ನೋದೇ ಪ್ರಶ್ನೆ. ನಿಗಾ ಅಂದರೆ ದಿನಕ್ಕೆ ಎರಡು ಸಲ ಜ್ವರ ನೋಡುವುದು, ಒಂದು ಸಲವಾದರೂ ಆರೋಗ್ಯ ಇಲಾಖೆಯವರ ಕಣ್ಣೆದುರೇ. 38 ಡಿಗ್ರಿ ಸೆಲ್ಸಿಯಸ್ ಮುಟ್ಟಿತೋ, ತಕ್ಷಣ ಐಸೊಲೇಷನ್.

ಎಣಿಕೆ ಶುರುವಾಗಬೇಕಾದ್ದು ಕೊನೆಯ ಸಲ ಸೋಂಕಿಗೆ ಒಡ್ಡಿಕೊಂಡ ದಿನದಿಂದ. ವಿಮಾನ ಇಳಿದ ದಿನದಿಂದ ಎಣಿಸಿದರೆ ಪ್ರಯಾಣದಲ್ಲಿ ಕಳೆದ ದಿನಗಳೆಲ್ಲ ಸುಮ್ಮನೆ ದಂಡ.

ಎಡವಟ್ಟಾಗುವುದು ಹೆಚ್ಚಾಗಿ ಥರ್ಮಾಮೀಟರಿನಲ್ಲಿ. ಹಣೆಗೆ ಹಿಡಿಯುವ ಸ್ಕ್ಯಾನರ್ ಓದುವುದು ಚರ್ಮದ ಬಿಸಿಯನ್ನು. ಸಿಟ್ಟಿಗೆ ಮುಖ ಕೆಂಪೇರಿದ್ದರೂ ಅಂಕಿ ಏರೀತು. ನ್ಯೂಜೆರ್ಸಿ ರಾಜ್ಯದ ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕೂರಿಸಿದ ಮೇಲೆ ಹಿಕಾಕ್ಸ್ ಹಣೆ 101 ಫ್ಯಾರನ್‌ಹೀಟ್ ತೋರಿಸಿತು. ಆಸ್ಪತ್ರೆಯಲ್ಲಿ ಬಾಯಲ್ಲಿಟ್ಟು ನೋಡಿದರೆ 98.6 ಇತ್ತು ಎಂದು ಅವರೇ ಬರೆದಿದ್ದಾರೆ. ಪ್ಯಾರಾಸಿಟಮಾಲ್ ನುಂಗಿದ್ದರೆ ಇದರ ಉಲ್ಟಾ, ಜ್ವರವಿದ್ದೂ ಕಾಣುವುದಿಲ್ಲ. ಲಕ್ಷಣ ಶುರುವಾದ ಮೊದಲ 72 ಗಂಟೆಯೊಳಗೆ ಮಾಡಿದ ಪಿಸಿಆರ್ ನೆಗೆಟಿವ್ ಬಂದರೂ ನಂಬಿ ಕೂರುವಂತಿಲ್ಲ, ಮತ್ತೊಮ್ಮೆ ಮಾಡಲೇಬೇಕು.

ವಕಾಲತ್ತು
ನ್ಯೂಜೆರ್ಸಿ ರಾಜ್ಯ ಹಿಕಾಕ್ಸ್ ಅವರನ್ನು ಟೆಂಟಿನಲ್ಲಿಟ್ಟು ಅಕ್ಟೋಬರ್ 27ಕ್ಕೆ ಬಿಟ್ಟಿತು. ಆಮೇಲೆ ಅವರ ಮನೆಯಿದ್ದ ಮೇನ್ ರಾಜ್ಯ ಮನೆಯಲ್ಲೇ ಇರಿಸಲು ಹೊರಟಿತು. ಅಕ್ಟೋಬರ್ 31ರಂದು ನ್ಯಾಯಾಧೀಶರು ಉಳಿಸಿದ್ದು ಮೂರೇ ಷರತ್ತು: ದಿನದ ನಿಗಾಕ್ಕೆ ಸಹಕರಿಸಬೇಕು, ಪ್ರಯಾಣವಿದ್ದರೆ ಅಧಿಕಾರಿಗಳ ಜೊತೆ ಮಾತಾಡಿಕೊಳ್ಳಬೇಕು, ಲಕ್ಷಣ ಕಂಡರೆ ಕೂಡಲೇ ತಿಳಿಸಬೇಕು. ನ್ಯೂಜೆರ್ಸಿ ವಿರುದ್ಧದ ದಾವೆ 2017ರಲ್ಲಿ ರಾಜಿಯಾಯಿತು. ಪರಿಹಾರದ ಹಣ ಸಿಗಲಿಲ್ಲ, ಆದರೆ ಕಾರಣ ತಿಳಿಯುವ, ವಕೀಲರನ್ನಿಟ್ಟುಕೊಳ್ಳುವ, ಮೇಲ್ಮನವಿ ಹೋಗುವ ಹಕ್ಕುಗಳು ಲಿಖಿತ ನಿಯಮಗಳಾದವು. ನನ್ನ ಲೆಕ್ಕದಲ್ಲಿ ಹಣಕ್ಕಿಂತ ದೊಡ್ಡ ಗೆಲುವು.

ಆದೇಶ ಬಂದರೆ ಮೊದಲು ಹುಡುಕಬೇಕಾದ್ದು ಮುಗಿಯುವ ದಿನಾಂಕ. "ಮುಂದಿನ ಆದೇಶದವರೆಗೆ" ಎಂದಿದ್ದರೆ ಅಲ್ಲಿಂದಲೇ ತಕರಾರು ಶುರುಮಾಡಿ. ಯಾವ ಕಾನೂನಿನಡಿ, ಯಾವ ದಿನದ ಯಾವ ಸಂಪರ್ಕಕ್ಕಾಗಿ, ಇದಕ್ಕಿಂತ ಹಗುರ ಕ್ರಮ ಯಾಕೆ ಸಾಲದು, ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಎಂಬುದೆಲ್ಲ ಬರವಣಿಗೆಯಲ್ಲೇ ಇರಬೇಕು. ಸರ್ಕಾರ ಜನರ ಹಕ್ಕುಗಳನ್ನು ಯಾವಾಗ, ಎಷ್ಟು ಮೊಟಕು ಮಾಡಬಹುದು ಎಂದು ಹೇಳುವ ಅಂತರರಾಷ್ಟ್ರೀಯ ಸೂತ್ರಗಳಾದ 1984ರ ಸಿರಕ್ಯೂಸಾ ತತ್ವಗಳು ಕೇಳುವುದೂ ಹೆಚ್ಚುಕಡಿಮೆ ಇದನ್ನೇ.

ವಾರ್ಡ್_ನೋಟ
ಎಬೋಲಾ ಲೆಕ್ಕವನ್ನು ಎಲ್ಲ ರೋಗಕ್ಕೂ ಹಚ್ಚಬೇಡಿ ಮಾರಾಯ್ರೆ. ಕೋವಿಡ್ ಲಕ್ಷಣ ಬರುವ ಎರಡು ದಿನ ಮೊದಲೇ ಹರಡಬಲ್ಲದು, ದಡಾರ ಗುಳ್ಳೆ ಏಳುವ ನಾಲ್ಕು ದಿನ ಮೊದಲೇ. ಅಲ್ಲಿ ಜ್ವರ ನೋಡುತ್ತಾ ಕೂತರೆ ತಡವಾಗಿಹೋಗಿರುತ್ತದೆ, ಕ್ವಾರಂಟೈನಿಗೆ ನಿಜವಾದ ಕಾರಣವಿದೆ.

ಎಲ್ಲರನ್ನೂ ಮನೆಗೆ ಕಳಿಸಿದರೆ ವಾರ್ಡು ನೋಡುವವರಿಲ್ಲ ಅನ್ನುವುದು ಇನ್ನೊಂದು ಫಜೀತಿ. 2003ರ ಸಾರ್ಸ್ ಸೋಂಕಿನ ವೇಳೆ ಕೆನಡಾದ ಟೊರಾಂಟೊದಲ್ಲಿ ಇದಕ್ಕೆ "ಕೆಲಸದ ಕ್ವಾರಂಟೈನ್" ಮಾಡಿದರು: ಮನೆ ಬಿಟ್ಟರೆ ಆಸ್ಪತ್ರೆ, ಆಸ್ಪತ್ರೆ ಬಿಟ್ಟರೆ ಮನೆ, ಬೇರೆಲ್ಲೂ ಹೋಗುವಂತಿಲ್ಲ. ಮನೆಯಲ್ಲೂ ಬೇರೆ ಕೋಣೆ, ಮನೆಯವರ ಹತ್ತಿರ ಮಾಸ್ಕ್.

ಕಾನೂನು_ಓದು
ಆ ದಿನಗಳ ಸಂಬಳ?

ವಕಾಲತ್ತು
ಅದೂ ಆದೇಶದ ಜೊತೆಗೇ ಬರೆಸಿಕೊಳ್ಳಿ, ರಜೆಯಿಂದ ಕಡಿತವಿಲ್ಲ ಎಂಬ ಮಾತನ್ನೂ ಸೇರಿಸಿ. ಸಂಬಳ ಹೋಗುತ್ತದೆಂದರೆ ಸಣ್ಣ ಜ್ವರವನ್ನು ಮುಚ್ಚಿಡುವವರು ಹೆಚ್ಚುತ್ತಾರೆ, ಆಗ ನಿಗಾ ಇಟ್ಟೂ ಏನು ಬಂತು?