ಮಾತ್ರೆ ಬದಲಾಯಿಸಿದ್ರೂ ಅಕ್ಕನ ಡಿಪ್ರೆಶನ್ ಇಳೀತಿಲ್ಲ, ಎಸ್ಕೆಟಮಿನ್ ಬಗ್ಗೆ ಗೊತ್ತಿರೋರು ಸ್ವಲ್ಪ ಹೇಳಿ

ಹೊಂಬೆಳಕು:
ಅಕ್ಕಂಗೆ ತುಂಬಾ ದಿನದಿಂದ ಡಿಪ್ರೆಶನ್. ಮೊದ್ಲು ಎಸಿಟಲೋಪ್ರಾಮ್ ಕೊಟ್ರು, ಆಮೇಲೆ ವೆನ್ಲಾಫ್ಯಾಕ್ಸಿನ್, ಡೋಸೂ ಏರಿಸಿದ್ರು, ನಿದ್ದೆ ಒಂದು ಸ್ವಲ್ಪ ಸರಿಹೋಯ್ತು ಅಷ್ಟೇ, ಮಿಕ್ಕಿದ್ದೆಲ್ಲ ಹಾಗೇ ಇದೆ, ಬೆಳಿಗ್ಗೆ ಬ್ರಷ್‌ಗೆ ಪೇಸ್ಟ್ ಹಾಕ್ಕೊಂಡು ಹಾಸಿಗೆ ತುದೀಲಿ ಕೂತ್ಬಿಡ್ತಾಳೆ, ಎದ್ದು ಹೋಗೋಕಾಗಲ್ಲ. ಈಗ ಡಾಕ್ಟ್ರು ಇದು ಟ್ರೀಟ್‌ಮೆಂಟ್ ರೆಸಿಸ್ಟೆಂಟ್ ಅಂತ ಹೇಳಿ ಎಸ್ಕೆಟಮಿನ್ ಮೂಗಿನ ಸ್ಪ್ರೇ ಮಾತು ತೆಗೆದಿದಾರೆ. ರೆಸಿಸ್ಟೆಂಟ್ ಅನ್ನೋ ಹೆಸರು ಕೇಳಿದ್ಮೇಲೆ ಇನ್ನೂ ಕುಗ್ಗಿದಾಳೆ, ನನ್ನ ಮೆದುಳೇ ಕೆಟ್ಟೋಗಿದೆ ಅಂತಾಳೆ. ಕೆಟಮಿನ್ ಅಂದ್ರೆ ಆಪರೇಷನ್‌ಗೆ ಕೊಡೋ ಅನಸ್ತೇಷಿಯಾ ಅಲ್ವಾ? ಸೆರೊಟೋನಿನ್ ಮಾತ್ರೆಗೆ ಜಗ್ಗದ್ದು ಇದಕ್ಕೆ ಯಾಕೆ ಜಗ್ಗತ್ತೆ? ಅಣಬೆಯಿಂದ ಬರೋ ಸಿಲೋಸೈಬಿನ್ ಬಗ್ಗೆನೂ ಓದ್ದೆ, ಅದೇನು ಕಥೆ?

ನರತಂತು:
ಅಕ್ಕಂಗೆ ಮೊದ್ಲು ಇದನ್ನ ಹೇಳಿ. ಎರಡು ಔಷಧಿ ಸರಿಯಾದ ಡೋಸಲ್ಲಿ ಸಾಕಷ್ಟು ವಾರ ತಗೊಂಡೂ ಗುಣ ಕಾಣ್ಲಿಲ್ಲ ಅಂದ್ರೆ ಟ್ರೀಟ್‌ಮೆಂಟ್ ರೆಸಿಸ್ಟೆಂಟ್ ಅನ್ನೋ ಹೆಸರು ಬರತ್ತೆ, ಅಷ್ಟೇ ಅದರ ಅರ್ಥ. ಅಮೆರಿಕದಲ್ಲಿ ಸುಮಾರು 4000 ಜನರ ಮೇಲೆ ಸ್ಟಾರ್-ಡಿ ಅಂತ ಒಂದು ಅಧ್ಯಯನ ಆಯ್ತು, 2006ರಲ್ಲಿ ಫಲಿತಾಂಶ ಬಂತು, ಅದ್ರಲ್ಲಿ ಮೊದಲ್ನೇ ಮಾತ್ರೆಗೇ ಪೂರ್ತಿ ಹುಷಾರಾದೋರು ಹೆಚ್ಚುಕಮ್ಮಿ ಮೂರರಲ್ಲಿ ಒಬ್ರು. ಅಂದ್ರೆ ನಿಮ್ಮಕ್ಕನ ಥರದವ್ರು ತುಂಬಾ ಜನ ಇದಾರೆ.

ಈಗ ನಿಮ್ಮ ಪ್ರಶ್ನೆ. ನರಕೋಶಗಳು ಬಿಟ್ಟ ಸಂದೇಶ ರಾಸಾಯನಿಕನ ವಾಪಸ್ ಹೀರ್ಕೊಳ್ಳೋದನ್ನ ತಡೆಯೋ ಜಾತಿವು ಅಕ್ಕ ತಗೊಂಡ ಎರಡೂ ಮಾತ್ರೆ: ಎಸಿಟಲೋಪ್ರಾಮ್ ಸೆರೊಟೋನಿನ್‌ದು, ವೆನ್ಲಾಫ್ಯಾಕ್ಸಿನ್ ಸೆರೊಟೋನಿನ್ ಜೊತೆ ನಾರ್‌ಎಪಿನೆಫ್ರಿನ್‌ದೂ. ಕೆಟಮಿನ್ ಹೋಗಿ ಕೂರೋದು ಗ್ಲುಟಮೇಟ್ ಅನ್ನೋ ಬೇರೆ ಸಂದೇಶ ರಾಸಾಯನಿಕದ ಎನ್‌ಎಂಡಿಎ ರಿಸೆಪ್ಟರ್ (ನರಕೋಶದ ಮೇಲೆ ಆ ಸಂದೇಶ ಹಿಡಿಯೋ ಜಾಗ) ಮೇಲೆ, ಅದನ್ನ ಬ್ಲಾಕ್ ಮಾಡತ್ತೆ. ಹೆಚ್ಚು ಜನ ಒಪ್ಪೋ ವಿವರಣೆ ಏನಂದ್ರೆ ಗ್ಲುಟಮೇಟ್‌ಗೆ ಬ್ರೇಕ್ ಹಾಕೋ ಗಾಬಾ ನರಕೋಶಗಳು ಮೊದ್ಲು ಸುಮ್ಮನಾಗ್ತವೆ, ಆಗ ಗ್ಲುಟಮೇಟ್ ಒಮ್ಮೆಗೇ ಏರಿ ಅದರದ್ದೇ ಆಂಪಾ ಅನ್ನೋ ಇನ್ನೊಂದು ಥರದ ರಿಸೆಪ್ಟರ್‌ಗಳು ಎದ್ದೇಳ್ತವೆ, ಬಿಡಿಎನ್‌ಎಫ್ ಅನ್ನೋ ಪ್ರೋಟೀನ್ ಬಿಡುಗಡೆ ಆಗತ್ತೆ, ನರಕೋಶಗಳ ನಡುವೆ ಹೊಸ ಸಂಪರ್ಕ ಬೆಳೀತವೆ. ಇಲಿಗಳ ಮೆದುಳಿನ ಮುಂಭಾಗದಲ್ಲಿ ಇದನ್ನ ನೋಡಿದಾರೆ. ಪೂರ್ತಿ ಇತ್ಯರ್ಥ ಆಗಿಲ್ಲ ಆದ್ರೆ, 2018ರಲ್ಲಿ ಸ್ಟ್ಯಾನ್‌ಫರ್ಡ್‌ನೋರು ಮೊದ್ಲೇ ನ್ಯಾಲ್ಟ್ರೆಕ್ಸೋನ್ ಅನ್ನೋ ಔಷಧಿ ಕೊಟ್ಟು ಒಪಿಯಾಯ್ಡ್ (ಅಫೀಮಿನ ಥರದ ವಸ್ತು ಹಿಡಿಯೋ) ರಿಸೆಪ್ಟರ್ ಮುಚ್ಚಿದ್ರೆ ಕೆಟಮಿನ್ ಪರಿಣಾಮ ತುಂಬಾ ಕಮ್ಮಿ ಆಯ್ತು ಅಂತ ಒಂದು ಚಿಕ್ಕ ಪ್ರಯೋಗದಲ್ಲಿ ತೋರಿಸಿದ್ರು, ಆ ಚರ್ಚೆ ಇನ್ನೂ ನಡೀತಿದೆ.

ಅನಸ್ತೇಷಿಯಾ ಹೌದು, 1970ರಿಂದ ಇದೆ. ಡಿಪ್ರೆಶನ್‌ಗೆ ಕೊಡೋದು ಅದಕ್ಕಿಂತ ತುಂಬಾ ಕಮ್ಮಿ. 2000ದಲ್ಲಿ ಯೇಲ್‌ನೋರು ಬೆರಳೆಣಿಕೆ ರೋಗಿಗಳಿಗೆ ಕೆಜಿಗೆ ಅರ್ಧ ಮಿಲಿಗ್ರಾಂ ಲೆಕ್ಕದಲ್ಲಿ ಡ್ರಿಪ್ ಕೊಟ್ಟಾಗ ಮೂರೇ ದಿನದೊಳಗೆ ಮನಸ್ಸು ಹಗುರ ಆಗಿದ್ದು ಕಂಡು ಎಲ್ರೂ ಬೆರಗಾದ್ರು, ಯಾಕಂದ್ರೆ ಮಾಮೂಲಿ ಮಾತ್ರೆಗೆ ವಾರಗಟ್ಟಲೆ ಕಾಯ್ಬೇಕು. ಎಸ್ಕೆಟಮಿನ್ ಕೆಟಮಿನ್‌ನದೇ ಒಂದು ರೂಪ, ಅದರ ಸ್ಪ್ರೇಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಒಪ್ಪಿಗೆ ಕೊಡ್ತು.

ತಂಗಾಳಿ:
ನನ್ನ ತಮ್ಮ ತಗೊಳ್ತಿದಾನೆ, ಜೊತೆಗೆ ಹೋಗಿ ಕೂತವ್ಳು ನಾನು. ಮನೆಗೆ ಕೊಟ್ಟು ಕಳ್ಸಲ್ಲ. ಎರಡು ಗಂಟೆ ಮುಂಚಿಂದ ಊಟ ಮಾಡ್ಬಾರ್ದು, ಹೋದ ತಕ್ಷಣ ಬಿಪಿ ನೋಡ್ತಾರೆ, ಆಮೇಲೆ ತಲೆ ಸ್ವಲ್ಪ ಹಿಂದಕ್ಕೆ ವಾಲಿಸಿ ನರ್ಸ್ ಮುಂದೆ ಅವ್ನೇ ಸ್ಪ್ರೇ ಮಾಡ್ಕೋಬೇಕು, ಒಂದು ಡಬ್ಬಿ ಮುಗಿದು ಐದು ನಿಮಿಷ ಬಿಟ್ಟು ಇನ್ನೊಂದು, ಗಂಟಲಿಗೆ ಇಳಿದಾಗ ಕಹಿ ಅಂತ ಮುಖ ಕಿವುಚ್ತಾನೆ. ಸ್ವಲ್ಪ ಹೊತ್ತಿಗೆ "ನನ್ನ ಕೈ ನಂದಲ್ಲ ಅನ್ಸ್ತಿದೆ" ಅಂದ, ಮೊದಲ ಸಲ ನನಗಂತೂ ಎದೆ ಧಸಕ್ ಅಂತು. ಆಮೇಲೆ ತಾನೇ ಇಳೀತು. ಕಮ್ಮಿ ಅಂದ್ರೆ ಎರಡು ಗಂಟೆ ಅಲ್ಲೇ ಇರ್ಬೇಕು, ಮಾರನೇ ದಿನದವರೆಗೂ ಗಾಡಿ ಓಡಿಸೋ ಹಾಗಿಲ್ಲ. ಮೊದಲ ನಾಲ್ಕು ವಾರ ವಾರಕ್ಕೆರಡು ಸಲ, ಆಮೇಲೆ ವಾರಕ್ಕೊಂದು, ಹೀಗೆ ಅಂತರ ಜಾಸ್ತಿ ಮಾಡ್ತಾರೆ. ಜೊತೆಗೆ ಯಾರಾದ್ರೂ ಬರೋಕಾಗತ್ತಾ ಅಂತ ಮೊದ್ಲೇ ಯೋಚ್ನೆ ಮಾಡಿ, ಒಬ್ರೇ ಓಡಾಡೋದು ಕಷ್ಟ.

ಶಾಲ್ಮಲಾ:
ಆಸೆ ಇರ್ಲಿ, ಆದ್ರೆ ಅಳತೆಲಿ ಇರ್ಲಿ ಅಂತ ಎರಡು ಮಾತು. 2023ರಲ್ಲಿ ಬಂದ ಎಸ್ಕೇಪ್-ಟಿಆರ್‌ಡಿ ಅನ್ನೋ ಟ್ರಯಲ್‌ನಲ್ಲಿ ಎಂಟು ವಾರಕ್ಕೆ ಪೂರ್ತಿ ಹುಷಾರಾದೋರು ಎಸ್ಕೆಟಮಿನ್ ಗುಂಪಲ್ಲಿ ಶೇ 27, ಹೋಲಿಕೆಗೆ ಕ್ವೆಟಿಯಾಪಿನ್ ಅನ್ನೋ ಮಾತ್ರೆ ಕೊಟ್ಟ ಗುಂಪಲ್ಲಿ ಶೇ 18ರ ಆಸುಪಾಸು. ವ್ಯತ್ಯಾಸ ನಿಜ, ಆದ್ರೆ ಎಲ್ರಿಗೂ ಆಗತ್ತೆ ಅಂತಲ್ಲ. ಹಾಗಾಗಿ ಇದೇ ಕೊನೇ ದಾರಿ ಅಂತ ಅಕ್ಕನ ತಲೇಲಿ ಕೂರಿಸ್ಬೇಡಿ, ಲಿಥಿಯಂ ಇಲ್ಲಾ ಅರಿಪಿಪ್ರಜೋಲ್ ಮಾತ್ರೆ ಸೇರಿಸೋದು, ಟಿಎಂಎಸ್ (ತಲೆ ಹೊರಗಿಂದ ಅಯಸ್ಕಾಂತದ ಮಿಡಿತ ಕೊಡೋದು), ಇಸಿಟಿ (ಅರಿವಳಿಕೆ ಕೊಟ್ಟು ಮೆದುಳಿಗೆ ಕರೆಂಟ್ ಕೊಡೋದು) ಎಲ್ಲ ಇದಾವೆ. ಥೈರಾಯ್ಡ್ ನೋಡಿಸಿದೀರಾ? ಬೈಪೋಲಾರ್ (ಕುಗ್ಗುವಿಕೆ ಜೊತೆ ಅತಿಯಾದ ಉತ್ಸಾಹದ ಕಾಲವೂ ಬರೋ ಕಾಯಿಲೆ) ಅಲ್ಲ ಅಂತ ಖಚಿತ ಮಾಡ್ಕೊಂಡಿದಾರಾ? ಇದೆರಡೂ ತಪ್ಪಿಹೋಗಿ ಮಾತ್ರೆ ಮೇಲೆ ಮಾತ್ರೆ ಬದಲಾಗೋದುಂಟು.

ಸಿಲೋಸೈಬಿನ್ ಹಿಡಿಯೋದು 5-ಎಚ್‌ಟಿ2ಎ ಅನ್ನೋ ಸೆರೊಟೋನಿನ್ ರಿಸೆಪ್ಟರನ್ನ. 2022ರಲ್ಲಿ 233 ಜನರ ಟ್ರಯಲ್ ಆಯ್ತು, 25 ಮಿಲಿಗ್ರಾಂ ಒಂದೇ ಡೋಸ್ ತಗೊಂಡೋರಿಗೆ ಮೂರು ವಾರಕ್ಕೆ ಒಳ್ಳೆ ಇಳಿಕೆ ಕಾಣ್ತು, ಹನ್ನೆರಡು ವಾರಕ್ಕೆ ಆ ಗುಣ ಉಳಿದಿದ್ದು ಐವರಲ್ಲಿ ಒಬ್ರಿಗೆ. ತರಬೇತಿ ಆದ ಥೆರಪಿಸ್ಟ್ ಪಕ್ಕದಲ್ಲೇ ಇದ್ದು ಕೊಡೋದು ಅದು, ದಯವಿಟ್ಟು ತಾವೇ ಎಲ್ಲಿಂದಾದ್ರೂ ತಂದು ತಗೊಳ್ಳೋ ಯೋಚ್ನೆ ಬೇಡ. ಇನ್ನೊಂದು, ಅಕ್ಕ ಸಾಯೋ ಮಾತಾಡಿದ್ರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೂ ಕಾಯ್ಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡೋಗಿ.

ಹೊಂಬೆಳಕು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಥೈರಾಯ್ಡ್ ನೋಡ್ಸಿಲ್ಲ, ಕೇಳ್ತೀನಿ. ನರತಂತು ಅವ್ರೇ ನೀವು ಬರೆದಿದ್ದನ್ನ ಅಕ್ಕಂಗೆ ಓದಿ ಹೇಳ್ದೆ, ಮೂರರಲ್ಲಿ ಒಬ್ರಾ ಅಂತ ಎರಡು ಸಲ ಕೇಳಿದ್ಲು. ಅವಳಿಗೆ ಬಿಪಿ ಮಾತ್ರೆ ನಡೀತಿದೆ, ತೊಂದ್ರೆ ಆಗತ್ತಾ?

ನರತಂತು:
ಡಾಕ್ಟ್ರಿಗೆ ಇದನ್ನ ಮೊದ್ಲೇ ಹೇಳ್ಲೇಬೇಕು. ಸ್ಪ್ರೇ ತಗೊಂಡ ನಲವತ್ತು ನಿಮಿಷದ ಹೊತ್ತಿಗೆ ಬಿಪಿ ಏರತ್ತೆ. ಬಿಪಿ ಕಂಟ್ರೋಲಲ್ಲಿದ್ರೆ ಸಾಮಾನ್ಯವಾಗಿ ಕೊಡ್ತಾರೆ, ಅವತ್ತು ಜಾಸ್ತಿ ಇದ್ರೆ ಮುಂದಕ್ಕೆ ಹಾಕ್ತಾರೆ. ಮೆದುಳಲ್ಲಿ ರಕ್ತಸ್ರಾವ ಆಗಿದ್ದು, ರಕ್ತನಾಳ ಉಬ್ಬಿದ್ದು ಏನಾದ್ರೂ ಹಿಂದೆ ಇದ್ರೆ ಮಾತ್ರ ಕೊಡೋ ಹಾಗೇ ಇಲ್ಲ.