ಎರಡು ಅಡಿಯ ತೊಟ್ಟಿಗೆ ಬಣ್ಣದ ಮೀನು: ಮೂಡಿಗೆರೆಯ ಒರತೆ ನೀರಿಗೆ ಯಾವುವು ಒಗ್ಗುತ್ತವೆ?

ಜೇನುಕಲ್ಲು, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆಯಿಂದ ಸ್ವಲ್ಪ ಒಳಗೆ ನಮ್ಮದೊಂದು ಸಣ್ಣ ಕಾಫಿ ತೋಟ. ಏಳನೇ ತರಗತಿಯ ಮಗಳ ಹಟಕ್ಕೆ ಮಣಿದು ಚಿಕ್ಕಮಗಳೂರಿನಲ್ಲಿ ಗಾಜಿನ ತೊಟ್ಟಿ ಮಾಡಿಸಿದ್ದೇವೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ತೊಟ್ಟಿ ಹಜಾರದಲ್ಲಿ ಬಂದು ಕುಳಿತಿದೆ, ಮೀನು ಇನ್ನೂ ಬಂದಿಲ್ಲ.

ಅಂಗಡಿಯವರು ಒಂದು ಪಟ್ಟಿ ಬರೆದುಕೊಟ್ಟಿದ್ದಾರೆ: ಗೋಲ್ಡ್ ಫಿಶ್ ಎರಡು, ಏಂಜೆಲ್ ಎರಡು, ಬಿಳಿ ಶಾರ್ಕ್ ನಾಲ್ಕು, ಟೈಗರ್ ಬಾರ್ಬ್ ಎರಡು, ಗಂಡು ಫೈಟರ್ ಒಂದು, ಗಾಜು ತೊಳೆಯಲು ಸಕ್ಕರ್ ಒಂದು. ಎಲ್ಲವೂ ಹೊಂದಿಕೊಂಡು ಇರುತ್ತವಂತೆ. ನಮ್ಮ ಮೈದುನ ಗಪ್ಪಿ ಸಾಕು ಎನ್ನುತ್ತಾನೆ. ಮಗಳಿಗೆ ನೀಲಿ, ಕೆಂಪು, ಹಳದಿ ಮೂರೂ ಬೇಕು. ನನ್ನ ಷರತ್ತು ಎರಡೇ: ಒಂದು ಇನ್ನೊಂದನ್ನು ತಿನ್ನಬಾರದು, ಮರಿ ಹಾಕಿ ತೊಟ್ಟಿ ತುಂಬಿಸಬಾರದು.

ನಮ್ಮ ಮನೆಗೆ ಗುಡ್ಡದ ಒರತೆಯ ನೀರು ಪೈಪಿನಲ್ಲಿ ಬರುತ್ತದೆ. ಚಳಿಗಾಲದ ರಾತ್ರಿಗಳು ಹೇಗಿರುತ್ತವೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ತಿಳಿದವರು ಸಲಹೆ ಕೊಡಿ.

ಕೊಳವೆಬಾವಿ, ಕಡೂರು

ಮೇಡಂ, ನಿಮ್ಮ ಮೈದುನನ ಮಾತು ಕೇಳಿ. ಗಪ್ಪಿಯಷ್ಟು ಬಣ್ಣ, ಗಪ್ಪಿಯಷ್ಟು ಗಟ್ಟಿತನ ಇನ್ನಾವ ಸಣ್ಣ ಮೀನಿಗೂ ಇಲ್ಲ. ನಮ್ಮದು ಬೋರ್‌ವೆಲ್ ನೀರು, ಹಾಗೇ ಸುರಿಯುತ್ತೇನೆ. ಗಪ್ಪಿ, ಪ್ಲಾಟಿ, ಮೋಲಿ ಮೂರೂ ಒಂದೇ ತೊಟ್ಟಿಯಲ್ಲಿ ಮೈತುಂಬಿಕೊಂಡಿವೆ. ಗಂಡುಗಳನ್ನಷ್ಟೇ ತಂದರೆ ಮರಿಯ ಚಿಂತೆಯೂ ಇಲ್ಲ. ಆರೋಗ್ಯ ಇಲಾಖೆಯವರು ಸೊಳ್ಳೆಯ ಮರಿ ತಿನ್ನಲೆಂದು ತೊಟ್ಟಿ, ಬಾವಿಗಳಿಗೆ ಬಿಡುವುದೂ ಗಪ್ಪಿಯನ್ನೇ. ಅಲ್ಲಿ ಬದುಕುವ ಮೀನು ನಿಮ್ಮ ಹಜಾರದಲ್ಲಿ ಬದುಕುವುದಿಲ್ಲವೇ? ನಿಶ್ಚಿಂತೆಯಿಂದ ಹಾಕಿ.

ರಿವೈಂಡಿಂಗ್, ಹಾಸನ

ಕಡೂರಿನ ಸ್ನೇಹಿತರು ಹೇಳಿದ್ದು ಕಡೂರಿಗೆ ಸರಿ. ಮೂಡಿಗೆರೆಗೆ ಅಲ್ಲ. ಎರಡೂ ಒಂದೇ ಜಿಲ್ಲೆಯಲ್ಲಿದ್ದರೂ ನೀರು ಒಂದೇ ಅಲ್ಲ.

ನನ್ನ ಉದ್ಯೋಗ ಮೋಟಾರ್ ರಿವೈಂಡಿಂಗ್. ತೊಟ್ಟಿ ಇರುವುದು ಅಂಗಡಿಯಲ್ಲೇ, ಕೆಲಸದ ಮೇಜಿನ ಪಕ್ಕದಲ್ಲಿ. ಬರುವ ಗಿರಾಕಿಗಳು ಮೋಟಾರ್ ವಿಷಯ ಬಿಟ್ಟು ಮೀನಿನ ವಿಷಯ ಮಾತನಾಡುತ್ತಾರೆ, ಹಾಗಾಗಿ ಇಂಥ ಪಟ್ಟಿಗಳನ್ನು ಬಹಳ ನೋಡಿದ್ದೇನೆ. ಮೊದಲು ಅದನ್ನು ಹೊಡೆದುಹಾಕೋಣ.

ಬಿಳಿ ಶಾರ್ಕ್ ಎಂದು ಮಾರುವುದು ಶಾರ್ಕೂ ಅಲ್ಲ, ತೊಟ್ಟಿಯ ಮೀನೂ ಅಲ್ಲ. ಅದು ಆಗ್ನೇಯ ಏಷ್ಯಾದ ಮೆಕಾಂಗ್ ನದಿಯ ಪಂಗಾಸಿಯಸ್. ಹೋಟೆಲಿನಲ್ಲಿ ಬಾಸಾ ಎಂದು ಬಡಿಸುವುದು ಬಹುಮಟ್ಟಿಗೆ ಇದನ್ನೇ. ಬೆಳೆದರೆ ಒಂದು ಮೀಟರ್ ದಾಟುತ್ತದೆ. ಬೆರಳುದ್ದದ ಮರಿಯನ್ನು ನಾಲ್ಕು ನಾಲ್ಕು ಮಾರುವವರಿಗೆ ಏನೆನ್ನಬೇಕೋ ನನಗೆ ತಿಳಿಯದು. ಗೋಲ್ಡ್ ಫಿಶ್‌ಗೆ ತಣ್ಣನೆಯ ನೀರು ಬೇಕು, ಅದರ ಹೊಲಸು ವಿಪರೀತ, ಅದೂ ನಿಮ್ಮ ತೊಟ್ಟಿಗೆ ಮೀರಿ ಬೆಳೆಯುತ್ತದೆ. ಏಂಜೆಲ್ ಇಂದು ನಾಣ್ಯದಷ್ಟಿದ್ದರೂ ಮುಂದೆ 15 ಸೆಂಟಿಮೀಟರ್ ಆಗಿ, ಬಾಯಿಗೆ ಹಿಡಿಸುವ ಸಣ್ಣ ಮೀನನ್ನು ಒಂದೊಂದಾಗಿ ಮುಗಿಸುತ್ತದೆ. ಟೈಗರ್ ಬಾರ್ಬ್ ದೊಡ್ಡ ಗುಂಪಿನಲ್ಲಿದ್ದರೆ ತಮ್ಮತಮ್ಮಲ್ಲೇ ಜಗಳವಾಡಿಕೊಂಡಿರುತ್ತವೆ. ಎರಡೇ ಇದ್ದರೆ ಏಂಜೆಲ್, ಫೈಟರ್‌ಗಳ ಉದ್ದ ರೆಕ್ಕೆಗಳನ್ನು ಕಚ್ಚಿ ಹರಿಯುತ್ತವೆ. ಸಕ್ಕರ್ ಒಂದು ಅಡಿ ದಾಟುತ್ತದೆ, ತೊಳೆಯುವುದಕ್ಕಿಂತ ಹೊಲಸು ಮಾಡುವುದೇ ಹೆಚ್ಚು. ಆಮೇಲೆ ಜನ ಅದನ್ನು ಕೆರೆಗೆ ಬಿಟ್ಟು ಬರುತ್ತಾರೆ. ದಕ್ಷಿಣ ಅಮೆರಿಕದ ಆ ಮೀನು ನಮ್ಮ ದೇಶದ ಎಷ್ಟೋ ಕೆರೆ, ನದಿಗಳಲ್ಲಿ ಇಂದು ಬಲೆಗೆ ಬೀಳುತ್ತಿರುವುದು ಹೀಗೆಯೇ.

ಈಗ ನೀರು. ಮಳೆ ಇಂಗಿ ಬಂಡೆಯ ಸಂದಿಯಿಂದ ಹೊರಬರುವ ಒರತೆಯಲ್ಲಿ ಸುಣ್ಣದಂಶ ಬಹಳ ಕಡಿಮೆ. ನಿಮ್ಮ ಸ್ನಾನದ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದಿಲ್ಲ, ಸೋಪು ಬೇಗ ನೊರೆ ಬರುತ್ತದೆ ಎಂದಾದರೆ ನೀರು ಮೃದುವಾಗಿದೆ ಎಂದೇ ಅರ್ಥ. ಗಡಸುತನ ಅಳೆಯುವ ಕಿಟ್ ಸಿಕ್ಕರೆ ಇನ್ನೂ ಒಳ್ಳೆಯದು. ಗಪ್ಪಿ, ಪ್ಲಾಟಿ, ಮೋಲಿಗಳಿಗೆ ಗಡಸು ನೀರು ಬೇಕು. ಮೃದು ನೀರಿನಲ್ಲಿ ಅವು ಒಂದೇ ದಿನಕ್ಕೆ ಸಾಯುವುದಿಲ್ಲ. ರೆಕ್ಕೆ ಮಡಚಿಕೊಂಡು, ಇದ್ದಲ್ಲೇ ಮೈ ಅಲ್ಲಾಡಿಸುತ್ತಾ, ವಾರಗಟ್ಟಲೆ ಸೊರಗುತ್ತವೆ. ಮೋಲಿಯಂತೂ ಮೊದಲು ಸೋಲುತ್ತದೆ. ಸುಣ್ಣ ಸೇರಿಸಿ ನೀರನ್ನು ಬದಲಾಯಿಸಬಹುದು, ಆದರೆ ಪ್ರತಿ ವಾರ ಅಷ್ಟೇ ಅಳತೆಯಲ್ಲಿ ಬದಲಾಯಿಸುತ್ತಲೇ ಇರಬೇಕು. ಮನೆಗೆ ಬರುವ ನೀರಿಗೆ ತಕ್ಕ ಮೀನು ತಂದರೆ ಆ ಕೆಲಸವೇ ಉಳಿಯಿತು.

ಅಮೆಜಾನ್ ಸೀಮೆಯ ಸಣ್ಣ ಮೀನುಗಳು ಹುಟ್ಟಿದ್ದೇ ಮೃದು ನೀರಿನಲ್ಲಿ. ಗಡಸು ನೀರಿನವರು ಅವಕ್ಕಾಗಿ ಆರ್‌ಒ ಯಂತ್ರ ಇಡುತ್ತಾರೆ, ನಿಮಗೆ ಗುಡ್ಡವೇ ಪುಕ್ಕಟೆ ಕೊಡುತ್ತಿದೆ. ಆದ್ದರಿಂದ ನನ್ನ ಪಟ್ಟಿ ಇದು: ನಿಯಾನ್ ಟೆಟ್ರಾ ಎಂಟು, ಬಂಗಾರದ ಬಣ್ಣದ ಹನಿ (ಜೇನು) ಗೌರಾಮಿ ಒಂದು ಜೋಡಿ, ತಳಕ್ಕೆ ಪಾಂಡಾ ಕೋರಿಡೋರಸ್ (ಚಿಕ್ಕದಾಗಿ ಕೋರಿ) ಐದು. ನೀಲಿ, ಕೆಂಪು, ಹಳದಿ ಮೂರೂ ಬಂದವು. ಇವು ಒಂದನ್ನೊಂದು ತಿನ್ನುವಷ್ಟು ಬಾಯಿ ದೊಡ್ಡವಲ್ಲ. ಮೊಟ್ಟೆ ಇಟ್ಟರೂ ಅವೇ ತಿಂದು ಮುಗಿಸುತ್ತವೆ, ತೊಟ್ಟಿ ತುಂಬುವ ಭಯವಿಲ್ಲ. ಕೆಂಪು ಸಾಲದು ಎಂದು ಮಗಳು ಹಟ ಹಿಡಿದರೆ ನಿಯಾನ್ ಬದಲು ಶ್ರೀಲಂಕಾದ ಚೆರ್ರಿ ಬಾರ್ಬ್ ಆರು ತನ್ನಿ. ಅಂಗಡಿಯ ಬರಿ ಗಾಜಿನಲ್ಲಿ ಅವು ಪೇಲವವಾಗಿ ಕಾಣುತ್ತವೆ. ಗಿಡಗಳ ನಡುವೆ ನೆಲೆಯಾದ ಮೇಲೆ ಗಂಡುಗಳ ಬಣ್ಣ ನೋಡಬೇಕು.

ಅಂಗಡಿಯಲ್ಲಿ ಗುಲಾಬಿ, ನೇರಳೆ, ಕಡು ಹಸಿರಿನ ಅಗಲ ಮೈಯ ವಿಡೋ ಟೆಟ್ರಾ ತೋರಿಸಿದರೆ ಕೈ ಚಾಚಬೇಡಿ. ಅವುಗಳಲ್ಲಿ ಬಹಳಷ್ಟಕ್ಕೆ ಬಣ್ಣ ತುಂಬಿರುತ್ತಾರೆ, ತಿಂಗಳುಗಳಲ್ಲಿ ಮಾಸುತ್ತದೆ. ನಿಯಾನಿನ ನೀಲಿ ಹಾಗಲ್ಲ. ಅದು ಚರ್ಮದೊಳಗಿನ ಸಣ್ಣ ಹರಳುಗಳು ಬೆಳಕನ್ನು ಹಿಂದಿರುಗಿಸುವುದರಿಂದ ಕಾಣುವ ಬಣ್ಣ. ದೀಪ ಆರಿಸಿ ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಬಹುತೇಕ ಮಾಯವಾಗಿರುತ್ತದೆ. ಕಾಯಿಲೆ ಎಂದು ಹೆದರಿ ಔಷಧಿ ಸುರಿಯಬೇಡಿ. ತೊಟ್ಟಿಯ ಹಿಂಬದಿಗೆ ಕಪ್ಪು ಹಾಳೆ ಅಂಟಿಸಿ, ತಳಕ್ಕೆ ಗಾಢ ಬಣ್ಣದ ಸಣ್ಣ ಮರಳು ಹಾಕಿ. ಅಂಗಡಿಯವರು ಕೊಡುವ ನೀಲಿ ಕಲ್ಲು, ಪ್ಲಾಸ್ಟಿಕ್ ಕೋಟೆ ಎರಡನ್ನೂ ಅಲ್ಲೇ ಬಿಟ್ಟು ಬನ್ನಿ. ಕೋರಿಗಳು ಮೀಸೆಯಿಂದ ಮರಳು ಕೆದಕಿ ತಿನ್ನುವ ಮೀನುಗಳು, ಚೂಪು ಕಲ್ಲಿನಲ್ಲಿ ಮೀಸೆ ಸವೆಯುತ್ತದೆ. ಮರಳಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದಂಶವಿದೆ, ಬೇಡ.

ನಿಮ್ಮ ತೊಟ್ಟಿಯ ಲೆಕ್ಕ ಸುಮಾರು 57 ಲೀಟರ್. ಮರಳು, ಮೇಲಿನ ಅಂಚು ಕಳೆದರೆ ಸುಮಾರು 45 ಲೀಟರ್ ನೀರು. ಅದಕ್ಕೆ 50 ವ್ಯಾಟ್‌ನ ಥರ್ಮೋಸ್ಟಾಟ್ ಹೀಟರ್ ಸಾಕು, 24 ಡಿಗ್ರಿಗೆ ಇಡಿ. ನೀರು ಬದಲಿಸುವ ಮೊದಲು ಪ್ಲಗ್ ಕೀಳಬೇಕು, ನೀರಿನಿಂದ ಹೊರಗೆ ಉರಿದರೆ ಹೀಟರಿನ ಗಾಜು ಬಿರಿಯುತ್ತದೆ. ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಂದು ಮತ್ತೆ ಮೇಲೇರಲಿ, ಆಗ ತೊಟ್ಟಿಕ್ಕುವ ನೀರು ಸಾಕೆಟ್‌ಗೆ ಹೋಗದೆ ಕೆಳಗೆ ಬೀಳುತ್ತದೆ. ಆ ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನನ್ನು ತಾನೇ ಕಡಿಯುವ ಸ್ವಿಚ್ಚು) ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಮೀನು ಆಮೇಲೆ. ಮಕ್ಕಳು ಕೈ ಹಾಕುವ ನೀರು ಅದು. ಈ ಒಂದು ವಿಷಯದಲ್ಲಿ ನನ್ನೊಂದಿಗೆ ವಾದ ಬೇಡ.

ನೀರು ತುಂಬಿದ ದಿನವೇ ಮೀನು ಬಿಡುವಂತಿಲ್ಲ. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ಮೊದಲೆರಡು ವಿಷ, ಮೂರನೆಯದು ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆ ದಿನಗಳಲ್ಲಿ ಖಾಲಿ ತೊಟ್ಟಿಗೇ ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ. ಆರೋಗ್ಯವಾಗಿರುವ ಹಳೆಯ ತೊಟ್ಟಿ ಯಾರದಾದರೂ ಇದ್ದರೆ ಅವರ ಫಿಲ್ಟರ್ ಸ್ಪಂಜನ್ನು ನಿಮ್ಮ ನೀರಿನಲ್ಲಿ ಹಿಂಡಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಕೆಲಸ ಬೇಗ ಆಗುತ್ತದೆ. ಹೊಸ ತೊಟ್ಟಿಯಲ್ಲಿ ನಿಯಾನ್ ನಾಜೂಕು. ಮೊದಲು ಗೌರಾಮಿ, ಎರಡು ವಾರ ಬಿಟ್ಟು ಕೋರಿ, ಕೊನೆಗೆ ನಿಯಾನ್.

ತೋಟದವರಿಗೆ ಇನ್ನೊಂದು ಮಾತು. ಬೋರ್ಡೋ ದ್ರಾವಣ ಕಲಸಿದ ಬಕೆಟ್ಟು, ಡ್ರಮ್ಮು, ಪೈಪು ಯಾವುದನ್ನೂ ತೊಟ್ಟಿಯ ಕೆಲಸಕ್ಕೆ ಬಳಸಬೇಡಿ, ಎಷ್ಟೇ ತೊಳೆದಿದ್ದರೂ. ಮೈಲುತುತ್ತದ ತಾಮ್ರ ಮೀನಿಗೆ ವಿಷ, ಅದರಲ್ಲೂ ಮೃದು ನೀರಿನಲ್ಲಿ ಅದರ ಪೆಟ್ಟು ಹೆಚ್ಚು. ತೊಟ್ಟಿಗೆಂದೇ ಒಂದು ಬಕೆಟ್ ಕೊಂಡು, ಅದರ ಮೇಲೆ ಮಗಳ ಹೆಸರು ಬರೆದಿಡಿ.

ಜೇನುಕಲ್ಲು, ಮೂಡಿಗೆರೆ

ಹಾಸನದ ಅಣ್ಣ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದ. ಹಂಡೆ ನೋಡಿದೆ, ಒಳಗೆ ಬಿಳಿ ಪದರ ಏನೂ ಇಲ್ಲ. ಬಕೆಟ್ ಕೂಡ ಬೇರೆ ಮಾಡಿದ್ದೇನೆ. ನಮ್ಮ ಮನೆಯಲ್ಲಿದ್ದ ಎಲ್ಲಾ ಬಕೆಟ್ಟುಗಳೂ ಒಂದಲ್ಲ ಒಂದು ಸಲ ಔಷಧಿ ಹೊಡೆಯುವ ಕೆಲಸಕ್ಕೆ ಹೋದವೇ.

ಇನ್ನು ಕೆಲವು ಪ್ರಶ್ನೆಗಳು. ತೋಟದ ಕೆಳಗಿನ ಹಳ್ಳದಲ್ಲಿ ಪಟ್ಟೆಪಟ್ಟೆಯ ಚಂದದ ಮೀನುಗಳಿವೆ, ಅವನ್ನೇ ಹಿಡಿದು ಬಿಡೋಣ ಎಂದು ಮಗಳು ಹೇಳುತ್ತಿದ್ದಾಳೆ. ಬಿಡಬಹುದೇ? ಮಳೆಗಾಲದಲ್ಲಿ ಮರ ಬಿದ್ದರೆ ನಮ್ಮಲ್ಲಿ ಕರೆಂಟ್ ಎರಡು ದಿನ ಬರದಿರುವುದೂ ಉಂಟು, ಆಗ ಏನು ಮಾಡುವುದು? ಪಾಂಡಾ ಕೋರಿ ಅಂಗಡಿಯಲ್ಲಿ ಇಲ್ಲವಂತೆ, ಬಿಳಿ ಮೈ ಕೆಂಪು ಕಣ್ಣಿನದು ಮಾತ್ರ ಇದೆ. ಸಂಜೆ ಸೊಳ್ಳೆಗೆ ಸ್ಪ್ರೇ ಹೊಡೆಯುತ್ತೇವೆ, ಅದರಿಂದ ತೊಂದರೆಯೇ?

ತುಂಗಾತೀರ, ಕೊಪ್ಪ

ಹಳ್ಳದ ಮೀನಿನ ಬಗ್ಗೆ ನಾನು ಹೇಳುತ್ತೇನೆ ಅಕ್ಕ. ದಯವಿಟ್ಟು ಹಿಡಿಯಬೇಡಿ. ಪಶ್ಚಿಮ ಘಟ್ಟದ ತೊರೆಗಳಲ್ಲಿ ನೋಡಲು ಚಂದದ ಬಾರ್ಬ್, ಡ್ಯಾನಿಯೊ ಜಾತಿಗಳು ಬೇಕಾದಷ್ಟಿವೆ, ನಿಜ. ಆದರೆ ಹರಿಯುವ ನೀರಿನಲ್ಲಿ ಬೆಳೆದವು ಎರಡು ಅಡಿಯಲ್ಲಿ ಗೋಡೆಗೆ ಮುಖ ಹೊಡೆದುಕೊಳ್ಳುತ್ತವೆ. ಮಲಬಾರ್ ಡ್ಯಾನಿಯೊ ಬೆರಳಿಗಿಂತ ಉದ್ದ ಬೆಳೆದು, ಮುಚ್ಚಳ ಇಲ್ಲದಿದ್ದರೆ ನೆಲಕ್ಕೆ ಹಾರುತ್ತದೆ. ಮೈಯಲ್ಲಿ ಪರೋಪಜೀವಿಗಳೂ ಬರುತ್ತವೆ. ಮಿಸ್ ಕೇರಳ ಎಂದು ಮಾರುವ ಕೆಂಪು ಗೆರೆಯ ಡೆನಿಸನ್ ಬಾರ್ಬ್ ಕೇರಳ ಮತ್ತು ದಕ್ಷಿಣ ಕರ್ನಾಟಕದ ಘಟ್ಟದ ನದಿಗಳಿಗೆ ಸೇರಿದ್ದು. ತೊಟ್ಟಿಗಳಿಗಾಗಿ ಹಿಡಿದು ಹಿಡಿದೇ ಅಳಿವಿನಂಚಿನ ಪಟ್ಟಿಗೆ ಸೇರಿದೆ. ಅದಕ್ಕೆ ನಾಲ್ಕು ಅಡಿಯ ತೊಟ್ಟಿಯೂ ಬೇಕು.

ಮಗಳಿಗೆ ಪಟ್ಟೆಯ ಮೀನೇ ಬೇಕೆಂದರೆ ಸಾಕಿ ಬೆಳೆಸಿದ ಜೀಬ್ರಾ ಡ್ಯಾನಿಯೊ ಕೊಡಿಸಿ. ಅದೂ ನಮ್ಮ ದೇಶದ್ದೇ, ಚಳಿಯನ್ನೂ ತಡೆಯುತ್ತದೆ. ಆದರೆ ಬಹಳ ಚುರುಕು, ಊಟಕ್ಕೆ ಗೌರಾಮಿಗಿಂತ ಮುಂದೆ ನುಗ್ಗುತ್ತದೆ.

ಊಟ ಎಂದಾಗ ನೆನಪಾಯಿತು. ಶೃಂಗೇರಿಯ ತುಂಗೆಯ ಮೆಟ್ಟಿಲಲ್ಲಿ ಮಂಡಕ್ಕಿ ಎರಚಿ ಅಭ್ಯಾಸವಾದ ಮಕ್ಕಳು ಮನೆಯ ತೊಟ್ಟಿಗೂ ಹಾಗೆಯೇ ಎರಚುತ್ತಾರೆ. ಅಲ್ಲಿ ಹೊಳೆ ಇದೆ, ಇಲ್ಲಿ 45 ಲೀಟರ್. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೆ ಒಂದು ಹೊತ್ತು, ಅಷ್ಟೇ.

ಕೊಳವೆಬಾವಿ, ಕಡೂರು

ಹಾಸನದವರೇ, ಒಪ್ಪಿದೆ. ನಮ್ಮ ಹಂಡೆಯ ಪದರವನ್ನು ಉಳಿಯಿಂದ ಕೆತ್ತಬೇಕು. ಹಾಗಾದರೆ ನನ್ನಂಥವರಿಗೆ ನಿಯಾನ್ ಯೋಗವೇ ಇಲ್ಲವೇ?

ರಿವೈಂಡಿಂಗ್, ಹಾಸನ

ಕಡೂರಿನವರಿಗೆ: ಫಾರಂಗಳಲ್ಲಿ ಬೆಳೆಸಿದ ನಿಯಾನ್ ಮಧ್ಯಮ ಗಡಸು ನೀರಿಗೆ ಹೊಂದಿಕೊಳ್ಳುತ್ತದೆ. ಉಳಿಯಿಂದ ಕೆತ್ತುವ ನೀರಿಗೆ ಬೇಡ. ನಿಮ್ಮ ಪ್ಲಾಟಿಗಳ ಕೆಂಪನ್ನು ನೋಡಿ ನಾವೇ ಹೊಟ್ಟೆಕಿಚ್ಚು ಪಡಬೇಕು.

ಮೂಡಿಗೆರೆಯ ತಂಗಿಗೆ: ಬಿಳಿ ಮೈ ಕೆಂಪು ಕಣ್ಣಿನದು ಕಂಚಿನ ಕೋರಿಯ ಆಲ್ಬಿನೊ ರೂಪ. ಪಾಂಡಾಗಿಂತ ಸ್ವಲ್ಪ ದೊಡ್ಡದು, ಸ್ವಭಾವ ಅದೇ. ಅದನ್ನೇ ತನ್ನಿ, ಐದರ ಬದಲು ನಾಲ್ಕು. ಆಗಾಗ ಸರ್ರನೆ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಹೋಗುತ್ತವೆ, ಅದು ಅವುಗಳ ಸಹಜ ರೀತಿ. ಎಲ್ಲವೂ ಒಟ್ಟಿಗೆ ಪದೇಪದೇ ಹಾಗೆ ಮಾಡಿದರೆ ಮಾತ್ರ ನೀರು ಕೆಟ್ಟಿದೆ ಎಂದು ತಿಳಿಯಿರಿ. ತಂದ ದಿನ ಚೀಲವನ್ನು ತೊಟ್ಟಿಯಲ್ಲಿ ತೇಲಿಸಿ, ಅರ್ಧ ಗಂಟೆ ಲೋಟದಲ್ಲಿ ನಿಮ್ಮ ನೀರನ್ನು ಸ್ವಲ್ಪಸ್ವಲ್ಪವಾಗಿ ಚೀಲಕ್ಕೆ ಸೇರಿಸಿ, ಬಲೆಯಲ್ಲಿ ಎತ್ತಿ ಬಿಡಿ. ಅಂಗಡಿಯ ನೀರು ತೊಟ್ಟಿಗೆ ಬೀಳಬಾರದು.

ಕರೆಂಟ್ ವಿಷಯ. ನಿಮಗೆ ದೊಡ್ಡ ಫಿಲ್ಟರ್ ಬೇಡ, ಗಾಳಿ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಸಾಕು. ಬ್ಯಾಟರಿಯ ಪಂಪು ಸಿಗುತ್ತದೆ, ಕರೆಂಟ್ ಹೋದಾಗ ಅದೇ ಸ್ಪಂಜಿಗೆ ಸಿಕ್ಕಿಸಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಪಂಪನ್ನು ಅದಕ್ಕೆ ಕೊಡಿ, ಕೆಲವೇ ವ್ಯಾಟ್ ಎಳೆಯುತ್ತದೆ. ಹೀಟರ್ ಮಾತ್ರ ಬೇಡ, ಬ್ಯಾಟರಿ ಬೇಗ ಬರಿದಾಗುತ್ತದೆ. ತೊಟ್ಟಿಯ ಮೂರು ಬದಿಗೆ ಥರ್ಮಾಕೋಲ್ ಹಾಳೆ ಒತ್ತರಿಸಿ, ಮೇಲೆ ಕಂಬಳಿ ಹೊದಿಸಿದರೆ ಬಿಸಿ ಬಹಳ ಹೊತ್ತು ನಿಲ್ಲುತ್ತದೆ. ಗಾಳಿ ಆಡಲು ಒಂದು ಮೂಲೆ ತೆರೆದಿರಲಿ, ಗೌರಾಮಿ ಮೇಲಿನ ಗಾಳಿಯನ್ನೂ ಉಸಿರಾಡುವ ಮೀನು. ಕರೆಂಟ್ ಬರುವವರೆಗೆ ಆಹಾರ ಹಾಕಬೇಡಿ, ಎರಡು ದಿನದ ಉಪವಾಸ ಅವಕ್ಕೆ ಏನೂ ಅಲ್ಲ.

ಸೊಳ್ಳೆಯ ಸ್ಪ್ರೇ, ಹೌದು, ದೊಡ್ಡ ತೊಂದರೆಯೇ. ಅದರಲ್ಲಿರುವ ಪೈರೆಥ್ರಾಯ್ಡ್ ಮನುಷ್ಯರಿಗೆ ಅಷ್ಟಾಗಿ ತಟ್ಟದಿದ್ದರೂ ಮೀನನ್ನು ಕೊಲ್ಲುತ್ತದೆ. ಮುಚ್ಚಳ ಹಾಕಿದರೆ ಸಾಲದು, ಕೋಣೆಯ ಗಾಳಿಯನ್ನು ಪಂಪು ಎಳೆದು ನೇರ ನೀರಿಗೆ ಕೊಡುತ್ತದೆ. ಹಜಾರದಲ್ಲಿ ಸ್ಪ್ರೇ, ಬತ್ತಿ, ಪ್ಲಗ್ಗಿನ ದ್ರವ ಮೂರನ್ನೂ ನಿಲ್ಲಿಸಿ ಕಿಟಕಿಗೆ ಜಾಲರಿ ಹೊಡೆಸಿ. ಪಕ್ಕದ ಕೋಣೆಯಲ್ಲಿ ಹೊಡೆಯಲೇಬೇಕಾದ ದಿನ ಪಂಪು ಆರಿಸಿ, ತೊಟ್ಟಿಯ ಮೇಲೆ ಒದ್ದೆ ಬಟ್ಟೆ ಮುಚ್ಚಿ, ವಾಸನೆ ಪೂರ್ತಿ ಹೋದ ಮೇಲೆ ಮತ್ತೆ ಪಂಪು ಹಾಕಿ.